ದಪ್ಪ ಟಯರಿನ ಸೈಕಲ್: ಯಾವ ಖಾತೆಗೆ ಬರೆಯುವುದು?

ಕಳೆದ ನವೆಂಬರಿನ ಒಂದು ಸಂಜೆ. ಎಂಟನೇ ತರಗತಿಯ ನನ್ನ ಮೊಮ್ಮಗ ಶಾಲೆಯಿಂದ ಬಂದವನೇ, ಬೆನ್ನ ಮೇಲಿನ ಬ್ಯಾಗು ಕೂಡ ಇಳಿಸದೆ, ಅವನ ಅಮ್ಮನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನೋಡಿದೆ. ಸೈಕಲ್ ಹೌದು. ಆದರೆ ಚಕ್ರಗಳು ಮಾತ್ರ ಮೋಟಾರ್ ಸೈಕಲಿನಿಂದ ಕಳಚಿ ತಂದು ಹಾಕಿದ ಹಾಗಿದ್ದವು. ಪೆಡಲು ಕಂಡ ಮೇಲೆಯೇ ಇದು ಕಾಲಿನಿಂದ ತುಳಿಯುವ ಗಾಡಿ ಎಂದು ನನಗೆ ಖಾತ್ರಿಯಾದದ್ದು.

"ಫ್ಯಾಟ್ ಟಯರ್ ಅಜ್ಜ. ಶಾಲೆಗೆ ಹೋಗ್ಲಿಕ್ಕೆ ಬೇಕು."

"ಎಷ್ಟು?"

"ಹದಿನಾಲ್ಕು ಸಾವಿರ. ಇದು ಕಡಿಮೆದ್ದು. ಒಳ್ಳೇದು ಬೇಕಾದ್ರೆ ಲಕ್ಷದ್ದೂ ಉಂಟು."

ಒಳಗಿನಿಂದ ಅವನ ಅಜ್ಜಿಯ ಧ್ವನಿ ಬಂತು: "ಲಕ್ಷಕ್ಕೆ ಸೈಕಲ್ಲಾ? ಅದು ಹಾಲೂ ಕೊಡ್ತದಾ ಮಾಣಿ?"

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನು ನಾನು. ಯಾವ ಲೆಕ್ಕಕ್ಕೆ ಸೇರಿದ್ದೆಂದು ತಿಳಿಯದ ಹಣ ಬಂದರೆ ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುವುದು ನಮ್ಮ ಕ್ರಮ. ಮೊಮ್ಮಗನ ಬೇಡಿಕೆಯನ್ನೂ ಒಂದು ವಾರ ಅಲ್ಲೇ ಇಟ್ಟೆ. ಮಕ್ಕಳೇ, ಅಜ್ಜಂದಿರು "ನೋಡುವ" ಎಂದರೆ ಇದೇ ಅರ್ಥ.

ಆ ವಾರದಲ್ಲಿ ಸ್ವಲ್ಪ ಓದಿದೆ. ಈ ಸೈಕಲು ಹುಟ್ಟಿದ್ದು ಡಾಂಬರು ರಸ್ತೆಗಾಗಿ ಅಲ್ಲವೇ ಅಲ್ಲ. ಅಮೆರಿಕದ ಅಲಾಸ್ಕಾದಲ್ಲಿ 1987ರಲ್ಲಿ ಹಿಮದ ದಾರಿಯ ಮೇಲೆ ಸೈಕಲ್ ಸ್ಪರ್ಧೆಯೊಂದು ಶುರುವಾಯಿತು. ಸಾಮಾನ್ಯ ಚಕ್ರ ಹಿಮದಲ್ಲಿ ಹೂತುಹೋಗುತ್ತದೆ. ಅಲ್ಲಿಯವರು ಎರಡು ರಿಮ್‌ಗಳನ್ನು ಅಕ್ಕಪಕ್ಕ ಜೋಡಿಸಿ ಅಗಲ ಮಾಡಿಕೊಂಡು ಉಪಾಯ ಹುಡುಕಿದರು. ಅತ್ತ ನ್ಯೂ ಮೆಕ್ಸಿಕೋದ ಮರಳುಗಾಡಿನ ಕಡೆಯವರೂ ಮರಳಿಗಾಗಿ ಅಂಥದ್ದನ್ನೇ ಮಾಡಿಕೊಳ್ಳುತ್ತಿದ್ದರು. 2005ರಲ್ಲಿ ಸರ್ಲಿ ಎಂಬ ಕಂಪೆನಿ ಪಗ್ಸ್ಲಿ ಎಂಬ ಹೆಸರಿನ, 3.7 ಇಂಚು ಅಗಲದ ಟಯರಿನ ಸೈಕಲನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಜನಸಾಮಾನ್ಯರ ಕೈಗೆ ಬಂತು. ಇಂಥ ದಪ್ಪ ಟಯರುಗಳನ್ನು ತುಳಿದುಕೊಂಡು ದಕ್ಷಿಣ ಧ್ರುವಕ್ಕೇ ಹೋದವರಿದ್ದಾರೆ! 2013ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಮರಿಯಾ ಲೇಯರ್‌ಸ್ಟಾಮ್ ಎಂಬ ಮಹಿಳೆ ಮೂರು ಚಕ್ರದ ಸೈಕಲಿನಲ್ಲಿ ಅಲ್ಲಿಗೆ ತಲುಪಿದರು. ಮರುತಿಂಗಳೇ ಅಮೆರಿಕದ ಡೇನಿಯಲ್ ಬರ್ಟನ್ ಎರಡು ಚಕ್ರದ್ದರಲ್ಲಿ ಬಂದು ಮುಟ್ಟಿದರು.

ನಮ್ಮ ಮನೆ ಇರುವುದು ಉಡುಪಿಯಲ್ಲಿ. ಹಿಮ ಇಲ್ಲಿ ಫ್ರಿಜ್ಜಿನೊಳಗೆ ಮಾತ್ರ. ಆದರೆ ಮರಳು ಉಂಟಲ್ಲ!

ಹಿಂದಿನ ಮನೆಯಲ್ಲಿ ಇಂಥದ್ದೇ ಸೈಕಲೊಂದು ಸುಮ್ಮನೆ ನಿಂತಿತ್ತು. ಸುಮ್ಮನೆ ನಿಲ್ಲಲು ಕಾರಣ, ಅದರ ಒಡೆಯನಾದ ಹುಡುಗನ ಎಡಗೈಗೆ ಪ್ಲಾಸ್ಟರು. ಅವರು ಅದನ್ನು ಆನ್‌ಲೈನಿನಲ್ಲಿ ತರಿಸಿದ್ದರು. ಪೆಟ್ಟಿಗೆಯಲ್ಲಿ ಮುಕ್ಕಾಲು ಭಾಗ ಜೋಡಿಸಿ ಕಳಿಸುತ್ತಾರೆ. ಮುಂದಿನ ಚಕ್ರ, ಹ್ಯಾಂಡಲು, ಸೀಟು, ಪೆಡಲುಗಳನ್ನು ನಾವೇ ಹಾಕಿಕೊಳ್ಳಬೇಕು. ಹುಡುಗ ಮತ್ತು ಅವನಪ್ಪ ವಿಡಿಯೋ ನೋಡಿ ಒಂದು ಗಂಟೆಯಲ್ಲಿ ಜೋಡಿಸಿದರು. ಹ್ಯಾಂಡಲಿನ ಬೋಲ್ಟು ಬಿಗಿಯಾದ ಹಾಗೆ ಕಂಡಿತು, ಬಿಗಿಯಾಗಿರಲಿಲ್ಲ. ಮೂರನೇ ದಿನ ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಹ್ಯಾಂಡಲು ತಿರುಗಿತು, ಚಕ್ರ ತಿರುಗಲಿಲ್ಲ. ಹುಡುಗ ಚರಂಡಿಯ ಅಂಚಿಗೆ ಬಿದ್ದ. ಹಿಂದೆ ಬಸ್ಸೊಂದು ಬರುತ್ತಿತ್ತು. ಡ್ರೈವರ್ ನಿಲ್ಲಿಸಿದ್ದರಿಂದ ಬಚಾವಾದ. ಇದನ್ನು ನನಗೆ ಹೇಳುವಾಗ ಹುಡುಗನ ಅಮ್ಮನ ಕೈ ಇನ್ನೂ ನಡುಗುತ್ತಿತ್ತು.

ಅವರನ್ನು ಕೇಳಿ ಆ ಸೈಕಲನ್ನು ಎರಡು ವಾರಕ್ಕೆ ತಂದೆವು. ನಾನು ಹುಡುಗನಾಗಿದ್ದಾಗ ಗಂಟೆಗೆ ಇಷ್ಟು ಪೈಸೆ ಎಂದು ಬಾಡಿಗೆಗೆ ಸೈಕಲ್ ಸಿಗುತ್ತಿತ್ತು. ಕೊಳ್ಳುವ ಮೊದಲು ಹತ್ತು ಬಗೆಯದನ್ನು ತುಳಿದು ನೋಡಿರುತ್ತಿದ್ದೆವು. ಈಗಿನ ಮಕ್ಕಳಿಗೆ ಆ ಅನುಕೂಲವಿಲ್ಲ. ಚಿತ್ರ ನೋಡಿ ತರಿಸುತ್ತಾರೆ.

ಮೊದಲು ಹೋದದ್ದು ಪೇಟೆಯ ಹಳೆಯ ಸೈಕಲ್ ಶಾಪಿಗೆ. ಅಲ್ಲಿಯ ಮೇಸ್ತ್ರಿ ಒಮ್ಮೆ ನೋಡಿ, "ಫೋರ್ಕೇ ಹಿಂದುಮುಂದು ಕೂತಿದೆ ಮಾರಾಯ್ರೆ!" ಎಂದರು. ಮುಂದಿನ ಚಕ್ರ ಹಿಡಿಯುವ ಕವಲನ್ನು ಉಲ್ಟಾ ತಿರುಗಿಸಿ ಕೂರಿಸಿದ್ದರು. ಎಡಗಡೆಯ ಪೆಡಲನ್ನೂ ಒತ್ತಾಯದಿಂದ ತಪ್ಪು ದಿಕ್ಕಿಗೆ ತಿರುಗಿಸಿ ಅದರ ತಿರುಪು ಅರ್ಧ ಸವೆದಿತ್ತು. ಮಕ್ಕಳೇ, ನಿಮಗೆ ಗೊತ್ತಿರಲಿ: ಸೈಕಲಿನ ಬಲ ಪೆಡಲು ಎಲ್ಲ ಬೋಲ್ಟಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಎಡ ಪೆಡಲು ಮಾತ್ರ ಎಡಕ್ಕೆ ತಿರುಗಿಸಿದರೆ ಬಿಗಿ. ತುಳಿಯುವಾಗ ತಾನಾಗಿ ಕಳಚಿಕೊಳ್ಳಬಾರದೆಂದು ಹೀಗೆ ಮಾಡಿರುತ್ತಾರೆ. ಎಲ್ಲ ಸರಿಮಾಡಿಸಲು ಮುನ್ನೂರು ರೂಪಾಯಿ ಆಯಿತು. ನಾನೇ ಕೊಟ್ಟೆ.

ಮನೆಗೆ ಬಂದು ಹಳೆಯ ಡೈರಿಯೊಂದರಲ್ಲಿ ನಡುವೆ ಗೆರೆ ಎಳೆದು ಜಮಾ, ಖರ್ಚು ಎಂದು ಬರೆದೆ.

ಮೊದಲ ಕಲಮು ತೂಕ. ಮೊಮ್ಮಗ ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ನಿಂತ: 44 ಕೆ.ಜಿ. ಸೈಕಲನ್ನು ಎತ್ತಿಕೊಂಡು ನಿಂತ: 64. ಅಂದರೆ ಸೈಕಲು 20 ಕೆ.ಜಿ. ಸುಮಾರಾಗಿ ಅವನ ಅರ್ಧ! ನಾನು ಗಂಭೀರವಾಗಿ ಖರ್ಚಿನ ಬದಿಗೆ ಬರೆದೆ.

"ಅಜ್ಜ, ನಿಮ್ಮ ಹಳೇ ಸೈಕಲ್ ಎಷ್ಟು ಭಾರ ಇತ್ತು?"

ಈ ಪ್ರಶ್ನೆ ಬರಬಾರದಿತ್ತು. 1974ರಲ್ಲಿ ಕೆಲಸಕ್ಕೆ ಸೇರಿದ ವರ್ಷ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಸೈಕಲಿಗೆ ಕ್ಯಾರಿಯರು, ಸ್ಟ್ಯಾಂಡು, ಚೈನ್ ಕವರು ಎಲ್ಲ ಸೇರಿ ಅದೂ ಇಪ್ಪತ್ತರ ಆಸುಪಾಸಿನದೇ. ಅದರಲ್ಲಿ ಬೆಂಗಾವಲಿಗೆ ಅಕ್ಕಿಮೂಟೆಯನ್ನೂ ಕಟ್ಟಿಕೊಂಡು ಬರುತ್ತಿದ್ದೆ. ಬರೆದದ್ದನ್ನು ಹೊಡೆದುಹಾಕಬೇಕಾಯಿತು.

ಆದರೆ ಮರುದಿನ ಮಣಿಪಾಲದ ಏರು ನನ್ನ ಪರವಾಗಿ ಸಾಕ್ಷಿ ಹೇಳಿತು. ಅವನ ಶಾಲೆ ಇರುವುದು ಮೇಲೆ ಮಣಿಪಾಲದಲ್ಲಿ. ಉಡುಪಿಯಿಂದ ಇಂದ್ರಾಳಿ ದಾಟಿದ ಮೇಲೆ ರಸ್ತೆ ಏರುತ್ತಲೇ ಹೋಗುತ್ತದೆ. ರಜೆಯ ದಿನ ಬೆಳಿಗ್ಗೆ ಆರೂವರೆಗೆ, ವಾಹನ ಕಡಿಮೆ ಇರುವಾಗ, ಅವನು ಸೈಕಲಿನಲ್ಲಿ ಹೊರಟ. ನಾನು ಪರಿಚಯದ ರಿಕ್ಷಾದಲ್ಲಿ ಹಿಂದೆ. ಏಳು ಗೇರುಗಳಲ್ಲಿ ಅತಿ ಹಗುರವಾದದ್ದಕ್ಕೆ ಹಾಕಿಕೊಂಡರೂ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಅವನ ಅಂಗಿ ಒದ್ದೆ. ಮೂರು ಸಲ ನಿಂತ. ಕೊನೆಯ ಭಾಗ ತಳ್ಳಿಕೊಂಡೇ ಹೋದ. ಅಟ್ಲಾಸಿನಷ್ಟೇ ಭಾರ, ಆದರೆ ಅಟ್ಲಾಸಿನಂತೆ ಉರುಳುವುದಿಲ್ಲ. ಕಾರಣ ಟಯರಿನಲ್ಲಿದೆ. ತೆಳ್ಳನೆಯ ಗಟ್ಟಿ ಟಯರು ರಸ್ತೆಗೆ ಸ್ವಲ್ಪವೇ ತಾಗಿ ಉರುಳುತ್ತದೆ. ನಾಲ್ಕು ಇಂಚಿನ ಮೆತ್ತನೆಯ ಟಯರು ಪ್ರತಿ ಸುತ್ತಿನಲ್ಲೂ ಅಮುಕಿ, ಮತ್ತೆ ಉಬ್ಬಬೇಕು. ಆ ಅಮುಕುವ ಕೂಲಿಯನ್ನು ಕೊಡುವುದು ನಮ್ಮ ಕಾಲು. ಟಯರೊಂದೊಂದೇ ಒಂದೂವರೆ ಕೆ.ಜಿ.ಗೆ ಮೇಲಿರುತ್ತದೆ, ಅದನ್ನು ತಿರುಗಿಸುವ ಶ್ರಮ ಬೇರೆ. ಜೊತೆಗೆ, ದಪ್ಪ ಟಯರಿಗೆ ಜಾಗ ಬಿಡಬೇಕಾದ್ದರಿಂದ ಪೆಡಲುಗಳು ಒಂದಕ್ಕೊಂದು ದೂರ ಇರುತ್ತವೆ. ಸಣ್ಣ ಮಕ್ಕಳು ಬಾತುಕೋಳಿಯಂತೆ ಕಾಲು ಅಗಲಿಸಿ ತುಳಿಯಬೇಕು. ಅವನು ಎರಡು ದಿನ ಮೊಣಕಾಲು ತಿಕ್ಕಿಕೊಂಡ.

ಗಾಳಿಯ ವಿಷಯಕ್ಕೆ ಬರುತ್ತೇನೆ. ಎರಡು ಇಂಚಿನ ಟಯರಿಗೂ ನಾಲ್ಕು ಇಂಚಿನದಕ್ಕೂ ಗಾಳಿ ಎಷ್ಟು ಪಟ್ಟು ಹೆಚ್ಚು ಬೇಕು? "ಎರಡು ಪಟ್ಟು" ಎಂದ ಮೊಮ್ಮಗ. ಕೊಳವೆಯ ಅಗಲ ಎರಡು ಪಟ್ಟಾದರೆ ಅದರೊಳಗಿನ ಜಾಗ ನಾಲ್ಕು ಪಟ್ಟು. ಬಾಯಿಮಾತಿಗೆ ನಂಬಲಿಲ್ಲ, ಕೈಪಂಪು ಹಿಡಿದ ಮೇಲೆ ನಂಬಿದ. ಪಂಪು ಒತ್ತಿ ಒತ್ತಿ ಸುಸ್ತಾಗಿ ಪೆಟ್ರೋಲ್ ಬಂಕಿಗೆ ಹೋಗುವ ಎಂದ. ಇದರ ವಾಲ್ವು ಸ್ಕೂಟರಿನದ್ದರಂತೆಯೇ ಇರುವುದರಿಂದ ಅಲ್ಲಿಯೂ ತುಂಬಿಸಬಹುದು. ಆದರೆ ಬಂಕಿನ ಹುಡುಗರು ಸ್ಕೂಟರಿನ ಅಭ್ಯಾಸದಲ್ಲಿ ಒತ್ತಿಬಿಟ್ಟರೆ ಕಷ್ಟ. ಟಯರಿನ ಮಗ್ಗುಲಲ್ಲಿ ಗರಿಷ್ಠ ಒತ್ತಡ ಎಷ್ಟೆಂದು ಅಚ್ಚು ಹಾಕಿರುತ್ತಾರೆ, ಅದನ್ನು ಓದಿ ಹೇಳಬೇಕು. ಪಂಚರಾದರೆ ಇನ್ನೊಂದು ಪಾಡು. ಈ ಅಳತೆಯ ಟ್ಯೂಬು ನಾನು ವಿಚಾರಿಸಿದ ಮೂರು ಶಾಪುಗಳಲ್ಲಿ ಒಂದರಲ್ಲಿ ಮಾತ್ರ ಇತ್ತು. ಹಳೆಯ ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡು ಯಾವುದೂ ಇದಕ್ಕೆ ಹೊಂದುವುದಿಲ್ಲ. ಮಡ್‌ಗಾರ್ಡಿಲ್ಲದೆ ನಮ್ಮ ಮಳೆಗಾಲದಲ್ಲಿ ಹೊರಟರೆ ಯುನಿಫಾರ್ಮಿನ ಬೆನ್ನ ಮೇಲೆ ಕೆಂಪು ಮಣ್ಣಿನ ಪಟ್ಟೆ. ಅದನ್ನು ಒಗೆಯುವವರು ಯಾರು?

ಖರ್ಚಿನ ಬದಿ ಪುಟದ ಕೆಳಗಿನವರೆಗೂ ತುಂಬಿತು. ಜಮಾ ಬದಿಯಲ್ಲಿ ಎರಡೇ ಸಾಲು. ಒಂದು, ಡಿಸ್ಕ್ ಬ್ರೇಕು. ನಮ್ಮ ಹಳೆಯ ಬ್ರೇಕು ರಿಮ್ಮನ್ನು ಹಿಡಿಯುತ್ತಿತ್ತು. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ಹಿಡಿದರೂ ಜಾರುತ್ತಿತ್ತು. ಡಿಸ್ಕು ಚಕ್ರದ ನಡುವೆ, ನೀರಿನಿಂದ ಮೇಲೆ ಇರುವುದರಿಂದ ಮಳೆಯಲ್ಲಿ ವಾಸಿ. ಅಗ್ಗದ ಸೈಕಲಿನಲ್ಲಿ ಅದೂ ಕೇಬಲಿನಿಂದಲೇ ಎಳೆಯುವ ಬಗೆಯದು. ಹೊಸತರಲ್ಲಿ ಕೇಬಲು ಸಡಿಲವಾಗುತ್ತದೆ, ತಿಂಗಳೊಳಗೆ ಒಮ್ಮೆ ಬಿಗಿ ಮಾಡಿಸಲೇಬೇಕು. ಡಿಸ್ಕಿಗೆ ಒಂದು ಹನಿ ಎಣ್ಣೆಯೂ ತಾಗಬಾರದು. ಎರಡನೆಯದು, ಗುಂಡಿ. ದಪ್ಪ ಟಯರು ರಸ್ತೆಯ ಗುಂಡಿಯನ್ನೂ ಹಂಪನ್ನೂ ನುಂಗಿಕೊಂಡು ಹೋಗುತ್ತದೆ. ಚರಂಡಿ ಮುಚ್ಚಿದ ಕಬ್ಬಿಣದ ಸರಳುಗಳ ಸಂದಿಗೆ ತೆಳ್ಳನೆಯ ಚಕ್ರ ಸಿಕ್ಕಿಕೊಂಡರೆ ಸವಾರ ಮುಂದಕ್ಕೆ ಹಾರುತ್ತಾನೆ. ಇದು ಸಿಕ್ಕಿಕೊಳ್ಳುವುದಿಲ್ಲ.

ಲೆಕ್ಕ ಮುಗಿಯಿತು, ಬೇಡ ಎಂದು ಹೇಳಿಬಿಡುವ ಎಂದು ನಾನಿದ್ದೆ. "ಮಲ್ಪೆ ಒಂದು ಬಾಕಿ ಉಂಟಲ್ಲ ಅಜ್ಜ" ಎಂದ.

ಭಾನುವಾರ ಗೂಡ್ಸ್ ರಿಕ್ಷಾದಲ್ಲಿ ಸೈಕಲು ಹಾಕಿಕೊಂಡು ಮಲ್ಪೆ ಕಡಲತೀರಕ್ಕೆ ಹೋದೆವು. ಮಗನ ಸಣ್ಣ ಕಾರಿನಲ್ಲಿ ಅದು ಹಿಡಿಸಲಿಲ್ಲ. ಅದೂ ಖರ್ಚಿನ ಬದಿಗೇ. ತೆರೆ ಬಂದು ಹೋಗುವಲ್ಲಿ ಒದ್ದೆ ಮರಳು ಗಟ್ಟಿ ಇರುತ್ತದೆ, ಅಲ್ಲಿ ನನ್ನ ಅಟ್ಲಾಸ್ ಕೂಡ ಓಡೀತು. ಪರೀಕ್ಷೆ ಇರುವುದು ಮೇಲಿನ ಒಣ ಮರಳಿನಲ್ಲಿ. ಮೊಮ್ಮಗ ಜೋರಾಗಿ ತುಳಿದುಕೊಂಡು ಬಂದ. ಹತ್ತಡಿ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹೂತು ಪಕ್ಕಕ್ಕೆ ಉರುಳಿದ. ನನಗೆ ಒಳಗೊಳಗೇ ಖುಷಿ ಎಂದು ಒಪ್ಪಿಕೊಳ್ಳುತ್ತೇನೆ.

ಆಗ ನೆನಪಾಯಿತು, ರಸ್ತೆಗೆಂದು ತುಂಬಿದ ಗಾಳಿ ಹಾಗೇ ಇದೆ. ವಾಲ್ವನ್ನು ಕೀಲಿಕೈಯ ತುದಿಯಿಂದ ಒತ್ತಿ ಬಿಟ್ಟೆವು. ಹೆಬ್ಬೆರಳಿನಿಂದ ಒತ್ತಿದರೆ ಟಯರು ಚೆನ್ನಾಗಿ ಅಮುಕುವಷ್ಟಾಯಿತು. ಮತ್ತೆ ಹತ್ತಿದ. ಈ ಸಲ ಹೋದವನು ನಿಲ್ಲಲಿಲ್ಲ. ಮೀನುಗಾರರ ದೋಣಿಗಳ ಹಿಂದಿನಿಂದ ಸುತ್ತು ಹಾಕಿ, ಮರಳಿನಲ್ಲಿ ಅಂಗೈ ಅಗಲದ ಗೆರೆ ಎಳೆಯುತ್ತ ಕೂಗಿಕೊಂಡು ಬಂದ. ಏಡಿಗಳು ಬಿಲಕ್ಕೆ ಓಡುತ್ತಿದ್ದವು.

ಇದರ ಲೆಕ್ಕ ಸುಲಭ, ಮಕ್ಕಳೇ. ಸವಾರ, ಸೈಕಲು ಸೇರಿ 64 ಕೆ.ಜಿ. ಒಳಗಿನ ಗಾಳಿಯ ಒತ್ತಡ ಎಷ್ಟೋ, ಆ ಭಾರವನ್ನು ಹೊರಲು ಅದಕ್ಕೆ ತಕ್ಕಷ್ಟು ಟಯರು ನೆಲಕ್ಕೆ ತಾಗಬೇಕು. ಸಾಮಾನ್ಯ ಸೈಕಲಿನಲ್ಲಿ 45 ಪಿಎಸ್‌ಐ ಗಾಳಿ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 3.15 ಕೆ.ಜಿ., ಎರಡೂ ಚಕ್ರ ಸೇರಿ ನೆಲಕ್ಕೆ ತಾಗುವುದು ಸುಮಾರು 20 ಚದರ ಸೆಂ.ಮೀ. ಎರಡು ದೊಡ್ಡ ಅಂಚೆಚೀಟಿಯಷ್ಟು. ದಪ್ಪ ಟಯರಿನಲ್ಲಿ 8 ಪಿಎಸ್‌ಐಗೆ ಇಳಿಸಿದರೆ 0.56 ಕೆ.ಜಿ. 64ನ್ನು ಅದರಿಂದ ಭಾಗಿಸಿ ನೋಡಿ: ಸುಮಾರು 114. ಹತ್ತಿರ ಹತ್ತಿರ ಒಂದು ಪೋಸ್ಟ್ ಕಾರ್ಡಿನಷ್ಟು. ಎರಡು ಅಂಚೆಚೀಟಿಯ ಮೇಲೆ ನಿಂತ ಭಾರ ಮರಳಿಗೆ ಇಳಿಯುತ್ತದೆ, ಪೋಸ್ಟ್ ಕಾರ್ಡಿನ ಮೇಲೆ ಹರಡಿದ್ದು ತೇಲುತ್ತದೆ. ಒಂಟೆಯ ಪಾದ ಅಗಲ ಇರುವುದೂ ಇದಕ್ಕೇ. ಸಾಮಾನ್ಯ ಟಯರಿನಲ್ಲಿ ಗಾಳಿಯನ್ನು ಇಷ್ಟು ಇಳಿಸಿದರೆ ರಿಮ್ಮೇ ನೆಲಕ್ಕೆ ಬಡಿಯುತ್ತದೆ.

ಆಮೇಲೆ ನಾನೂ ಒಂದು ಸುತ್ತು ಹೋದೆ. ನನ್ನ ವಯಸ್ಸಿನವರಿಗೆ ಒಂದು ಮಾತು: ಓಡಿಸುವಾಗ ಹಿತ, ಬೆನ್ನಿಗೆ ಕುಲುಕಾಟವಿಲ್ಲ. ಆದರೆ ಹತ್ತಿ ಇಳಿಯುವಾಗ ಆ ಬಾರಿನ ಮೇಲೆ ಕಾಲೆತ್ತಬೇಕು, ವಾಲಿದರೆ ಇಪ್ಪತ್ತು ಕೆ.ಜಿ. ಹಿಡಿಯುವ ಶಕ್ತಿ ಬೇಕು. ನಾನು ಇಳಿಯುವಾಗ ಮೊಮ್ಮಗ ಹ್ಯಾಂಡಲು ಹಿಡಿದಿದ್ದ.

ಮರಳ ಮೇಲೆ ಕೂತು ಚುರುಮುರಿ ತಿನ್ನುವಾಗ ಕೇಳಿದೆ: "ಆಯ್ತು, ಇಲ್ಲಿ ಓಡ್ತದೆ. ದಿನಾ ಶಾಲೆಗೆ ಆ ಏರಿನಲ್ಲಿ ಹೋಗ್ತೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಚುರುಮುರಿಯ ಕಾಗದ ನೋಡುತ್ತ ಹೇಳಿದ: "ಶಾಲೆಗೆ ಬಸ್ಸೇ ಸಾಕು ಅಜ್ಜ. ಶಾಲೆಗೆ ಅಂತ ಹೇಳಿದ್ರೆ ಮಾತ್ರ ನೀವು ತೆಗೆಸಿಕೊಡುದು ಅಂತ ಹಾಗೆ ಹೇಳಿದೆ. ನಂಗೆ ಬೇಕಾದ್ದು ಇದಕ್ಕೇ." ಎಂದು ಕಡಲ ಕಡೆ ಕೈ ತೋರಿಸಿದ.

ಎರಡು ವಾರ ಕೂತು ನಾನು ಬರೆದ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೆ ಪೂರ್ತಿ ತಪ್ಪು ಖಾತೆಗೆ ಪೋಸ್ಟ್ ಮಾಡಿದ್ದೆ. ಏರು, ಮಡ್‌ಗಾರ್ಡು, ಕ್ಯಾರಿಯರು ಇವೆಲ್ಲ ದಿನಾ ಓಡಾಡುವ ವಾಹನದ ಖಾತೆಗೆ ಸೇರಿದವು. ಆಟದ ಸಾಮಾನಿನ ಖಾತೆಯಲ್ಲಿ ಅವುಗಳಿಗೆ ಜಾಗವಿಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಆಟಕ್ಕೆ ಹದಿನಾಲ್ಕು ಸಾವಿರ ಕೊಡಬಹುದೇ? ಶಾಲೆಗೇ ಸೈಕಲು ಬೇಕಾಗಿದ್ದರೆ ಎರಡು ಇಂಚಿನ ಟಯರಿನದ್ದು, ಕಡಿಮೆ ಹಣಕ್ಕೆ, ಹಗುರವಾದದ್ದು ಸಿಗುತ್ತದೆ, ಅದನ್ನೇ ಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತೇನೆ. ಮತ್ತೆ, ಶಾಲೆ ಎಂದು ಸುಳ್ಳು ಹೇಳಬೇಕಾದ ಹಾಗೆ ನಾವು ಇವನನ್ನು ಇಟ್ಟಿದ್ದೇವಲ್ಲ ಎಂದೂ ಒಂದು ಕ್ಷಣ ಅನಿಸಿತು. ನನಗೆ ಚಿಕ್ಕಂದಿನಲ್ಲಿ ಅಪ್ಪ ಕೊಡಿಸಿದ್ದೆಲ್ಲ ಶಾಲೆಯ ಹೆಸರಿನಲ್ಲಿಯೇ.

ಅವನ ಅಜ್ಜಿ ಅವನ ಹೆಸರಿನಲ್ಲಿ ದಿನಕ್ಕೆ ಹತ್ತು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದಳು. ಪಿಗ್ಮಿ ಎಂದರೆ ಗೊತ್ತಲ್ಲ? 1928ರಲ್ಲಿ ನಮ್ಮ ಉಡುಪಿಯ ಬ್ಯಾಂಕೇ ಶುರುಮಾಡಿದ ಯೋಜನೆ. ಆಗ ದಿನಕ್ಕೆ ಎರಡಾಣೆ ಇದ್ದರೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎರಡು ವರ್ಷದ ಪಿಗ್ಮಿಯಲ್ಲಿ ಆರು ಸಾವಿರದಷ್ಟು ಆಗಿತ್ತು. ಅದು ಅವನ ಪಾಲು, ಉಳಿದದ್ದು ನನ್ನ ಪೆನ್ಶನ್ನಿನಿಂದ ಎಂದು ತೀರ್ಮಾನವಾಯಿತು. ಹೆಲ್ಮೆಟ್, ಬೀಗ, ಬೆಲ್ಲು, ಲೈಟು ಸೇರಿ ಇನ್ನೆರಡು ಸಾವಿರ ಅವನ ಅಪ್ಪನದು. ಅವನ ಅಮ್ಮ ಹಣ ಕೊಡಲಿಲ್ಲ, ಷರತ್ತು ಕೊಟ್ಟಳು: ಹೆದ್ದಾರಿಗೆ ಒಬ್ಬನೇ ಇಳಿಯಬಾರದು, ಹೆಲ್ಮೆಟಿಲ್ಲದೆ ಗೇಟು ದಾಟಬಾರದು, ಮುಂದಿನ ಚಕ್ರ ಎತ್ತುವ ಸರ್ಕಸ್ಸು ಬೇಡವೇ ಬೇಡ.

ಪೆಟ್ಟಿಗೆಯಲ್ಲಿ ತರಿಸಲಿಲ್ಲ. ಶಾಪಿನಿಂದಲೇ, ಮೇಸ್ತ್ರಿ ಜೋಡಿಸಿಕೊಟ್ಟದ್ದನ್ನೇ ತಂದೆವು. ಸ್ಪ್ರಿಂಗಿನ ಫೋರ್ಕಿನದ್ದು ಬಿಟ್ಟು ನೇರ ಫೋರ್ಕಿನದ್ದು ಆರಿಸಿದೆವು. ಅಗ್ಗದ ಸ್ಪ್ರಿಂಗು ಭಾರ ಹೆಚ್ಚಿಸುವುದೇ ಹೊರತು ಮತ್ತೇನಿಲ್ಲ, ಕುಲುಕಾಟ ತಡೆಯಲು ಟಯರೇ ಇದೆ ಎಂದರು ಮೇಸ್ತ್ರಿ. ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದು ಹ್ಯಾಂಡಲು ತಿರುಗಿಸಿ ನೋಡುವುದನ್ನು ಅವನಿಗೆ ಕಲಿಸಿದರು. ಅಲುಗಿದರೆ ಹತ್ತಬಾರದು. ಒಂದು ಟ್ಯೂಬನ್ನು ಆಗಲೇ ಹೆಚ್ಚಿಗೆ ಕೊಂಡು ಇಟ್ಟೆವು. ಹಿಂದಿನ ಮನೆಯ ಹುಡುಗನ ಪ್ಲಾಸ್ಟರೂ ಬಿಚ್ಚಿದೆ. ಈಗ ಭಾನುವಾರ ಗೂಡ್ಸ್ ರಿಕ್ಷಾದ ಬಾಡಿಗೆಯನ್ನು ಎರಡು ಮನೆಯವರು ಹಂಚಿಕೊಳ್ಳುತ್ತೇವೆ.

ಒಂದು ಖರ್ಚು ಮಾತ್ರ ನಾನು ಬರೆದಿರಲಿಲ್ಲ. ಉಪ್ಪು ನೀರು. ಕಡಲತೀರದಿಂದ ಬಂದ ಸೈಕಲನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡದಿದ್ದರೆ ಒಂದೇ ವಾರದಲ್ಲಿ ತುಕ್ಕು ಕಾಣುತ್ತದೆ. ಮೊದಲ ಭಾನುವಾರ ನಾಳೆ ಎಂದ, ಎರಡನೇ ವಾರ ಚೈನು ಕಿರಗುಟ್ಟಿತು. ಈಗ ಬಾವಿಯಿಂದ ನಾಲ್ಕು ಕೊಡ ನೀರು ಅವನೇ ಸೇದುತ್ತಾನೆ. ಅಜ್ಜಿ ಜಗಲಿಯಲ್ಲಿ ಕೂತು, ಮರಳೆಲ್ಲ ದಾಸವಾಳದ ಬುಡಕ್ಕೆ ಬರಬಾರದು ಎಂದು ಕೂಗುತ್ತಿರುತ್ತಾಳೆ. ಡಿಸ್ಕಿಗೆ ಎಣ್ಣೆ ತಾಗದ ಹಾಗೆ ಹಳೆಯ ಬನಿಯನ್ನಿನ ತುಂಡು ಅಡ್ಡ ಹಿಡಿಯುವ ಕೆಲಸ ನನ್ನದು.